ತೂತಿಲ್ಲದ ಜೀರುಂಡೆ

ವೆಂಗ್ ಲಾನ್‌ಶಿನ್ ಕಳೆದ ಚಳಿಗಾಲದ ಕೊನೆಯಲ್ಲಿ, ಒಂದು ಮಂಗಳವಾರ ಮಧ್ಯಾಹ್ನ, ಸೂಜೌ ಊರಿನ ಕಾಲುವೆ ಪಕ್ಕದ ಓಣಿಯಲ್ಲಿದ್ದ ತನ್ನ ಅಂಗಡಿಯಲ್ಲಿ, ಕೆಲಸದ ಮೇಜಿನ ಮುಂದೆ ಕೂತಲ್ಲೇ ತೀರಿಕೊಂಡಳು. ಅವಳಿಗೆ ಎಪ್ಪತ್ತನಾಲ್ಕು. ಹೃದಯದ ಕಾಯಿಲೆ ಇದ್ದದ್ದು ಅವಳ ತಮ್ಮ ಗೆನ್‌ಬಾವ್‌ಗೆ. ಮರುದಿನ ಆಸ್ಪತ್ರೆ ಸೇರಬೇಕಾಗಿದ್ದವನೂ ಅವನೇ. ನಿಂತದ್ದು ಅಕ್ಕನ ಹೃದಯ.

ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ. ಕಿಟಕಿಯ ಕೆಳಗೆ ಮೇಜು. ಅರ ಹಾಕುವಾಗ ಉದುರುವ ಚಿನ್ನದ ಪುಡಿ ನೆಲದ ಪಾಲಾಗದಿರಲೆಂದು ಮೇಜಿನ ಅಂಚಿಗೆ ಕಟ್ಟಿದ ತೊಗಲಿನ ಜೋಳಿಗೆ. ಹಳೆಯ ಕಾಲದ ಮಾದರಿಯ ತುರುಬಿನ ಕಡ್ಡಿ, ಓಲೆ, ಬಾಚಣಿಗೆ ಮಾಡುವುದು ಅವಳ ಕಸುಬು. ಕೂದಲೆಳೆಯಷ್ಟು ಸಣ್ಣಗೆ ಎಳೆದ ಚಿನ್ನದ ತಂತಿಯನ್ನು ಎರಡೆರಡಾಗಿ ಹೊಸೆದು, ಬಾಗಿಸಿ, ಬೆಸೆದು, ಹಾಕಿಕೊಂಡವಳು ತಲೆ ತಿರುಗಿಸಿದರೆ ರೆಕ್ಕೆ ನಡುಗುವಂಥ ಚಿಟ್ಟೆ ಮಾಡುತ್ತಿದ್ದಳು. ಮದುವೆ ಹುಡುಗಿಯರು ಬರುತ್ತಿದ್ದರು, ನಾಟಕದ ಮೇಳದವರು ಬರುತ್ತಿದ್ದರು. ಅಜ್ಜಿಯ ಪೆಟ್ಟಿಗೆಯಲ್ಲಿ ಸಿಕ್ಕ ಮುರುಕನ್ನು ಕರವಸ್ತ್ರದಲ್ಲಿ ಗಂಟು ಹಾಕಿಕೊಂಡು ಬರುವವರೂ ಇದ್ದರು.

ವೆನ್‌ಯಾ ಹಾಗೆ ಗಂಟು ಹಿಡಿದು ಬಂದವಳು. ಪುಸ್ತಕ ಭಂಡಾರದಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸು. ಅವಳ ಅಜ್ಜಿಯ ಕಡ್ಡಿಯ ಮೇಲೆ ಒಂದು ಜೋಡಿ ಬಾತುಗಳಿರಬೇಕಿತ್ತು, ಗಂಡ ಹೆಂಡತಿ ಅಗಲದೆ ಇರಲಿ ಎಂಬ ಹಾರೈಕೆಗೆ. ಹೆಣ್ಣು ಉಳಿದಿತ್ತು, ಗಂಡು ಎಲ್ಲೋ ಕಳಚಿ ಬಿದ್ದುಹೋಗಿತ್ತು. ಲಾನ್‌ಶಿನ್ ಹೊಸ ಗಂಡು ಬಾತನ್ನು ಮಾಡಿ ಕೂರಿಸಿದಳು. ಆದರೆ ಅದರ ಕತ್ತು ಪಕ್ಕಕ್ಕೆ ಹೊರಳಿತ್ತು. ಯಾಕೆ ಹೀಗೆ ಎಂದು ವೆನ್‌ಯಾ ಕೇಳಿದ್ದಕ್ಕೆ, "ಇಷ್ಟ್ ವರ್ಷ ಎಲ್ಲೋ ಹೋಗಿದ್ದೋನು. ಬಂದ ತಕ್ಷಣ ಹೆಂಡ್ತಿ ಮುಖಾನ ನೆಟ್ಟಗೆ ನೋಡ್ತಾನಾ?" ಎಂದಳು. ಆ ಮಾತಿಗೆ ನಕ್ಕ ವೆನ್‌ಯಾ ಮರುದಿನವೂ ಬಂದಳು. ಮೂವತ್ತು ವರ್ಷ ಬರುತ್ತಲೇ ಇದ್ದಳು. ಮಧ್ಯಾಹ್ನದ ಊಟ ಮುಗಿದ ಮೇಲೆ, ಕಿಟಕಿಯ ಪಕ್ಕದ ಬಿದಿರು ಕುರ್ಚಿ ಅವಳದು.

ಲಾನ್‌ಶಿನ್ ಹೆಚ್ಚು ಮಾತಾಡುವವಳಲ್ಲ. ಆದರೆ ಚಿನ್ನದ ಮಾತು ಬಂದರೆ ಕೈ ನಿಲ್ಲಿಸದೆ ಹೇಳುತ್ತಿದ್ದಳು. ಒಡವೆಯಲ್ಲಿ ಹಣ್ಣು ಹಣ್ಣಿಗಾಗಿ ಇರುವುದಿಲ್ಲ. ಪೀಚ್ ಎಂದರೆ ಆಯುಷ್ಯ. ಬಿರಿದ ದಾಳಿಂಬೆ ಎಂದರೆ ಮನೆ ತುಂಬ ಮಕ್ಕಳು. ಬಳ್ಳಿ ಸಮೇತ ಸೋರೆಕಾಯಿ ಎಂದರೆ ಕಡಿಯದೆ ಹಬ್ಬುವ ವಂಶ. ಆದರೆ ಮಾಡುವವಳು ಮಾಡುವ ಹೊತ್ತಿನಲ್ಲಿ ಅದನ್ನೆಲ್ಲ ಮರೆತಿರಬೇಕು. ಆಯುಷ್ಯವನ್ನು ಮಾಡಲು ಕೂತರೆ ಕೈ ಭಾರವಾಗುತ್ತದೆ, ಪೀಚ್ ಹಣ್ಣು ಕಲ್ಲಾಗುತ್ತದೆ. ಹಣ್ಣನ್ನು ಸರಿಯಾಗಿ ಮಾಡಿದರೆ ಆಯುಷ್ಯ ತಾನಾಗಿ ಬಂದು ಕೂರುತ್ತದೆ, ಬರದಿದ್ದರೆ ಅದು ನಮ್ಮ ಕೆಲಸವಲ್ಲ.

ಜೀರುಂಡೆಯ ವಿಷಯದಲ್ಲಿ ಮಾತ್ರ ಅವಳಿಗೆ ಹಾಗೆ ಮರೆಯಲು ಆಗುತ್ತಿರಲಿಲ್ಲ. ಯಾರಾದರೂ ಜೀರುಂಡೆ ಬೇಕೆಂದು ಬಂದರೆ ಬೇರೆ ಅಂಗಡಿ ತೋರಿಸಿ ಕಳಿಸುತ್ತಿದ್ದಳು.

ಜೀರುಂಡೆ ವರ್ಷಗಟ್ಟಲೆ ಮಣ್ಣಿನೊಳಗೆ ಬಿದ್ದಿರುತ್ತದೆ. ಒಂದು ಬೇಸಿಗೆಯಲ್ಲಿ ಮೇಲೆದ್ದು ಮರ ಹತ್ತಿ, ತೊಗಟೆಯ ಮೇಲೆ ಪೊರೆ ಬಿಟ್ಟು, ಹಾರಿ ಹೋಗಿ ಕೂಗತೊಡಗುತ್ತದೆ. ಅದಕ್ಕೇ ಹಿಂದಿನವರು ಸತ್ತವರ ನಾಲಿಗೆಯ ಮೇಲೆ ಜೀರುಂಡೆಯನ್ನಿಟ್ಟು ಮಣ್ಣು ಮಾಡುತ್ತಿದ್ದರು. ಅದೇ ಕಾರಣಕ್ಕೆ ವೆಂಗ್ ಮನೆಯಲ್ಲಿ ಹುಟ್ಟಿದ ಮಗುವಿನ ಕೊರಳಿಗೂ ಚಿನ್ನದ ಪುಟ್ಟ ಜೀರುಂಡೆ ಕಟ್ಟುತ್ತಿದ್ದರು. ಮಗು ಈಗ ತಾನೇ ಮೇಲೆದ್ದು ಬಂದದ್ದಲ್ಲವೇ? ಎರಡಕ್ಕೂ ವ್ಯತ್ಯಾಸ ಒಂದೇ, ತೂತು. ಇರುವವರ ಜೀರುಂಡೆಗೆ ಕೆಂಪು ದಾರ ಪೋಣಿಸಲು ತೂತು ಇರುತ್ತದೆ. ಹೋಗುವವರದಕ್ಕೆ ಇರುವುದಿಲ್ಲ. "ಇರೋರ್ನ ಕಟ್ಟಿ ಹಾಕ್ಬೇಕು, ಹೋಗೋರ್ನ ಬಿಟ್ಟುಬಿಡ್ಬೇಕು" ಎನ್ನುತ್ತಿದ್ದ ಅವಳ ಅಪ್ಪ. ಅವನೂ ಅಕ್ಕಸಾಲಿಗ. ಅವನ ಕೈಯ ರೂಢಿ ಇನ್ನೊಂದಿತ್ತು: ಹೆಣ್ಣುಮಗುವಿನದಕ್ಕೆ ತೂತು ಕಣ್ಣುಗಳ ಕೆಳಗೆ ಎಡದಿಂದ ಬಲಕ್ಕೆ, ಅಡ್ಡವಾಗಿ. ಗಂಡುಮಗುವಿನದಕ್ಕೆ ನೆತ್ತಿಯಿಂದ ಗದ್ದಕ್ಕೆ, ನೆಟ್ಟಗೆ.

ಮಗುವಿನ ಜೀರುಂಡೆಯನ್ನು ಹೆತ್ತವಳ ಮೈಮೇಲಿನ ಚಿನ್ನದಿಂದಲೇ ಮಾಡಬೇಕು, ಕೊಂಡ ಚಿನ್ನ ನಡೆಯುವುದಿಲ್ಲ. ಲಾನ್‌ಶಿನ್‌ಳ ಅಮ್ಮನಿಗೆ ಇದ್ದದ್ದು ಮದುವೆಯ ಕಡ್ಡಿ ಒಂದೇ: ಮೇಲೆ ದಾಳಿಂಬೆ ಹೂವು, ಕೆಳಗೆ ಎರಡು ಕಾಲು. ಲಾನ್‌ಶಿನ್ ಹುಟ್ಟಿದಾಗ ಅಪ್ಪ ಒಂದು ಕಾಲನ್ನು ಕತ್ತರಿಸಿ ಕರಗಿಸಿದ. ಅನ್ನಕ್ಕೆ ತತ್ವಾರವಾದ ವರ್ಷಗಳಲ್ಲಿ ಹೂವು ಅಕ್ಕಿಯಾಯಿತು. ಅವಳಿಗೆ ಹನ್ನೆರಡಾದಾಗ, ಇನ್ನು ಮಕ್ಕಳಿಲ್ಲ ಎಂದುಕೊಂಡಿದ್ದ ಮನೆಯಲ್ಲಿ ಗೆನ್‌ಬಾವ್ ಹುಟ್ಟಿದ. ಉಳಿದಿದ್ದ ಇನ್ನೊಂದು ಕಾಲು ಅವನ ಜೀರುಂಡೆಯಾಯಿತು. ಹೀಗೆ ಇಡೀ ಕಡ್ಡಿ ಮನೆಯವರ ಹೊಟ್ಟೆಗೂ ಕೊರಳಿಗೂ ಸರಿಹೋಯಿತು. ಅಮ್ಮ ತುರುಬಿಗೆ ಬಿದಿರಿನ ಕಡ್ಡಿ ಸಿಕ್ಕಿಸಿಕೊಂಡಳು.

ಆಮೇಲೆ ಕಾಲ ಬದಲಾಯಿತು. ಹಳೆಯದನ್ನೆಲ್ಲ ಮೌಢ್ಯವೆಂದು ಮನೆ ಮನೆ ಹೊಕ್ಕು ಹುಡುಕಿ ಒಡೆಯುವ ದಿನಗಳು ಬಂದವು. ಅಪ್ಪನನ್ನು ದೊಡ್ಡ ನದಿಯ ಆಚೆಗೆ ಕೂಲಿ ಕೆಲಸಕ್ಕೆ ಕಳಿಸಿದರು. ಅಮ್ಮ ಮಕ್ಕಳನ್ನು ಕಟ್ಟಿಕೊಂಡು ಸರೋವರದ ದಂಡೆಯ ದೊಂಗ್‌ಶಾನ್‌ಗೆ, ತನ್ನ ತವರಿಗೆ ಹೋದಳು. ಎರಡು ಜೀರುಂಡೆಗಳೂ ಎಣ್ಣೆಕಾಗದದಲ್ಲಿ ಸುತ್ತಿಕೊಂಡು ಸಾಸಿವೆ ಸೊಪ್ಪಿನ ಉಪ್ಪಿನಕಾಯಿ ಜಾಡಿಯ ತಳ ಸೇರಿದವು. ಅಲ್ಲಿ, ಲೊಕಾಟ್ ಮರಗಳು ಹೂ ಬಿಟ್ಟಿದ್ದ ಚಳಿಯಲ್ಲಿ, ಅಮ್ಮ ಜ್ವರದಲ್ಲಿ ಸತ್ತಳು. ಲಾನ್‌ಶಿನ್‌ಗೆ ಇಪ್ಪತ್ತು, ಗೆನ್‌ಬಾವ್‌ಗೆ ಎಂಟು.

ಅಮ್ಮನನ್ನು ಬರಿಬಾಯಲ್ಲಿ ಕಳಿಸಬಾರದು ಎಂದು ಹುಡುಗಿಗೆ ಅನ್ನಿಸಿತು. ಜಾಡಿಯಿಂದ ಎರಡು ಜೀರುಂಡೆಗಳನ್ನೂ ಹೊರತೆಗೆದು, ತನ್ನದನ್ನೇ ಕೊಡುವುದೆಂದು ತೀರ್ಮಾನಿಸಿದಳು. ಆದರೆ ಅದರಲ್ಲಿ ತೂತು ಇತ್ತಲ್ಲ. ಮುಚ್ಚಲು ಚಿನ್ನವಿಲ್ಲ, ಊದುಗೊಳವೆಯಿಲ್ಲ. ಮೇಣದ ಚೂರನ್ನು ಉಸಿರಲ್ಲಿ ಬೆಚ್ಚಗೆ ಮಾಡಿ ತೂತಿಗೆ ಒತ್ತಿ ತುಂಬಿದಳು. ಅಷ್ಟರಲ್ಲಿ ಹಳ್ಳಿಯ ತಂಡದ ನಾಯಕ ಬಾಗಿಲಿಗೆ ಬಂದ. ಮಧ್ಯಾಹ್ನದೊಳಗೆ ಮಣ್ಣು ಮಾಡಬೇಕು, ಹಳೇ ಆಟಗಳು ಏನೂ ನಡೆಯಬಾರದು ಎಂದು ಹೇಳಲು. ಅವಳು ಮೇಲೆದ್ದವಳೇ ಎರಡನ್ನೂ ಏಪ್ರನ್ನಿನ ಜೇಬಿಗೆ ಸುರಿದುಕೊಂಡಳು. ಆತ ಬೀಡಿ ಹೊತ್ತಿಸಲು ಗಾಳಿಗೆ ಬೆನ್ನು ತಿರುಗಿಸಿದ ಹೊತ್ತಿನಲ್ಲಿ ಜೇಬಿಗೆ ಕೈ ಹಾಕಿ, ಬೆರಳಿಗೆ ಸಿಕ್ಕಿದ್ದನ್ನು ತೆಗೆದು ಅಮ್ಮನ ನಾಲಿಗೆಯ ಕೆಳಗೆ ಜಾರಿಸಿದಳು.

ಸಂಜೆ ಏಪ್ರನ್ ಒಗೆಯುವಾಗ ಜೇಬಿನಲ್ಲಿ ಉಳಿದಿದ್ದ ಜೀರುಂಡೆ ಕೈಗೆ ಬಂತು. ಅದರ ತೂತಿನಲ್ಲಿ ಮೇಣವಿತ್ತು.

ಅಮ್ಮನ ಬಾಯಿಗೆ ಹೋದದ್ದು ತಮ್ಮನದು. ಅದೂ ತೂತು ತೆರೆದಿರುವಂತೆಯೇ. ಬದುಕಿರುವ ಹುಡುಗನನ್ನು ಕಟ್ಟುವ ದಾರದ ಜಾಗ ಮಣ್ಣಿನಡಿ ಹೋಯಿತು. ಹೂತ ಗುಂಡಿಯನ್ನು ತೆರೆಸುವ ಮಾತನ್ನು ಆ ದಿನಗಳಲ್ಲಿ ಯಾರೂ ಬಾಯಿಬಿಟ್ಟು ಆಡುವಂತಿರಲಿಲ್ಲ. ಅಪ್ಪ ಮರಳಿ ಬಂದಾಗ ಅವಳು ಎಲ್ಲವನ್ನೂ ಹೇಳಿದಳು. ಅಪ್ಪ, "ಮಗು ಸರಿಯಾಗಿ ಉಣ್ತಾನಾ?" ಎಂದು ಕೇಳಿದ. ಮತ್ತೆಂದೂ ಆ ಸುದ್ದಿ ಎತ್ತಲಿಲ್ಲ. ಎತ್ತಿದವಳು ಅಮ್ಮನ ತಂಗಿ, ದೊಂಗ್‌ಶಾನ್‌ನ ಚಿಕ್ಕಮ್ಮ. ಹುಡುಗನಿಗೆ ಬುದ್ಧಿ ಬರುವ ವಯಸ್ಸಿನಲ್ಲಿ ಅವನನ್ನು ಕೂರಿಸಿಕೊಂಡು ಪೂರ್ತಿ ಕಥೆ ಹೇಳಿದಳು.

ಗೆನ್‌ಬಾವ್ ಅದನ್ನು ತಮಾಷೆ ಮಾಡಿಕೊಂಡ. ನೂಡಲ್ ಅಂಗಡಿ ಇಟ್ಟ, ಅದು ಮುಚ್ಚಿತು. ಏಡಿ ವ್ಯಾಪಾರಕ್ಕೆ ಕೈ ಹಾಕಿದ, ಬುಟ್ಟಿಯ ಮುಚ್ಚಳ ಸಡಿಲವಾಗಿ ಏಡಿಗಳೆಲ್ಲ ಕಾಲುವೆಗೆ ನಡೆದುಹೋದವು. ಪ್ರವಾಸಿಗರನ್ನು ಸುತ್ತಿಸುವ ದೋಣಿ ಕೊಂಡ, ಅದು ಕಟ್ಟಿದ ಗೂಟದಲ್ಲೇ ಮುಳುಗಿತು. ಹೆಂಡತಿ ವೂಶಿಯ ತವರಿಗೆ ಹೋದವಳು ಬರಲಿಲ್ಲ. ಪ್ರತಿ ಸಲವೂ ಅಕ್ಕನ ಅಂಗಡಿಗೆ ಬಂದು ಕಾಲು ಚಾಚಿ ಕೂತು ಅದೇ ಮಾತು: "ಏನ್ ಮಾಡೋದಕ್ಕಾಗುತ್ತೆ ಅಕ್ಕ, ನನ್ ದಾರ ಅಮ್ಮನ ಬಾಯಲ್ಲಿದೆ." ಓಣಿಯವರು ನಗುತ್ತಿದ್ದರು. ಲಾನ್‌ಶಿನ್ ತಲೆ ಎತ್ತದೆ ಅರ ಉಜ್ಜುತ್ತಿದ್ದಳು.

ಒಮ್ಮೆ ಅವನಿಗೆ ಹೊಸ ಜೀರುಂಡೆ ಮಾಡಿಕೊಡೋಣವೆಂದು, ಮೊದಲು ಬೆಳ್ಳಿಯಲ್ಲಿ ಒಂದು ಮಾಡಿ ತೋರಿಸಿದಳು. ಅಮ್ಮನ ಚಿನ್ನ ಅಲ್ಲದ್ದು ತನಗೆ ನಡೆಯುವುದಿಲ್ಲ ಎಂದು ಅವನು ಅದನ್ನು ನೂಡಲ್ ಅಂಗಡಿಯ ಬೆಕ್ಕಿನ ಕೊರಳಿಗೆ ಕಟ್ಟಿದ. ಆ ಬೆಕ್ಕು ಅಂಗಡಿ ಮುಚ್ಚಿದ ಮೇಲೂ ಹತ್ತೊಂಬತ್ತು ವರ್ಷ ಬದುಕಿ, ಹಲ್ಲೆಲ್ಲ ಉದುರಿ, ಬಿಸಿಲಲ್ಲಿ ಮಲಗಿದ್ದ ಹಾಗೇ ಸತ್ತಿತು. "ನೋಡ್ದ್ಯಾ," ಎಂದ ಗೆನ್‌ಬಾವ್, "ನಿನ್ ಕೈಗುಣ ಚೆನ್ನಾಗೇ ಇದೆ." ಇನ್ನೊಮ್ಮೆ ತನ್ನದನ್ನೇ ತೆಗೆದುಕೋ ಎಂದು ಕೊಡಲು ಹೋದಳು. ಅವನು ಆವತ್ತು ನಗಲಿಲ್ಲ. ಒಂದು ಹುಟ್ಟಿಗೆ ಒಂದೇ ಜೀರುಂಡೆ, ನಿನ್ನ ಹುಟ್ಟು ನನಗೆ ಯಾಕೆ ಎಂದು ಹೇಳಿ ಎದ್ದುಹೋದ.

ಅವಳ ಜೀರುಂಡೆಯ ಗತಿಯನ್ನು ವೆನ್‌ಯಾ ಬಹಳ ವರ್ಷಗಳ ನಂತರ ನೋಡಿದಳು. ಅಪ್ಪನ ಹತ್ತಿರ ಕೆಲಸ ಕಲಿತು ಸ್ವಂತ ಕೈಯಲ್ಲಿ ಚಿನ್ನ ಆಡತೊಡಗಿದಾಗ ಲಾನ್‌ಶಿನ್ ಮಾಡಿಕೊಂಡ ಮೊದಲ ಕೆಲಸವೆಂದರೆ, ಆ ಮೇಣವನ್ನು ಕೆರೆದು ತೆಗೆದು, ತೂತಿಗೆ ಚಿನ್ನದ ಬೆಣೆ ಹೊಡೆದು, ಬೆಸೆದು, ಅರ ಹಾಕಿ ನಯ ಮಾಡಿದ್ದು. ಅದು ತಾನು ಆಗಲೇ ಕೊಟ್ಟುಬಿಟ್ಟಿರುವ ವಸ್ತು, ತಲುಪುವುದು ತಡವಾಗಿದೆ ಅಷ್ಟೆ ಎಂದು ಅವಳ ಲೆಕ್ಕ. ತನ್ನ ಕೊನೆಯ ಬಟ್ಟೆಗಳನ್ನು ಹೊಲಿಸಿಟ್ಟುಕೊಂಡಾಗ ಅದನ್ನೂ ನೀಲಿ ಚೀಲದಲ್ಲಿ ಹಾಕಿ ಆ ಬಟ್ಟೆಗಳ ನಡುವೆ ಇಟ್ಟಳು. ಊರೆಲ್ಲಕ್ಕೆ ಒಡವೆ ಮಾಡಿಕೊಟ್ಟವಳು ತನ್ನ ಕೊರಳಿಗೆ ಏನನ್ನೂ ಹಾಕಿಕೊಳ್ಳಲಿಲ್ಲ. ಮದುವೆಯೂ ಆಗಲಿಲ್ಲ. ಯಾಕೆ ಎಂದು ವೆನ್‌ಯಾ ಒಂದೇ ಒಂದು ಸಲ ಕೇಳಿದ್ದಳು. "ದಾರ ಇಲ್ದೋಳನ್ನ ಯಾರು ಕಟ್ಟಿ ಹಾಕ್ತಾರೆ" ಎಂದು ಲಾನ್‌ಶಿನ್ ನಗುತ್ತಲೇ ಹೇಳಿದಳು. ಆಮೇಲೆ ಜೀರುಂಡೆಯನ್ನು ತೆಗೆದು ತೋರಿಸಿದಳು. ಬರಿಗಣ್ಣಿಗೆ ಏನೂ ಕಾಣಿಸದು. ಭೂತಗನ್ನಡಿ ಹಿಡಿದರೆ ಎರಡು ಕೆನ್ನೆಗಳ ಮೇಲೂ ಒಂದೊಂದು ಚುಕ್ಕೆ, ಉಳಿದ ಚಿನ್ನಕ್ಕಿಂತ ಸ್ವಲ್ಪ ಪೇಲವ. ಅಡ್ಡ ತೂತಿನ ಎರಡು ಬಾಯಿಗಳು.

ಗೆನ್‌ಬಾವ್ ಆ ಚೀಲವನ್ನೂ ಬಿಡುತ್ತಿರಲಿಲ್ಲ. ಈಗ ಊರಲ್ಲಿ ಹೂಳುವವರು ಯಾರಿದ್ದಾರೆ, ಎಲ್ಲರನ್ನೂ ಸುಡುತ್ತಾರೆ ಎಂದು ಕೆಣಕುತ್ತಿದ್ದ. "ಒಲೆಗ್ ಹೋಗೋ ಬಾಯಿಗೆ ಚಿನ್ನ ಯಾಕಕ್ಕ? ಕರಗಿ ಹಲ್ಲಿಗೆ ಮೆತ್ಕೊಳುತ್ತೆ. ಯಮನ ಮುಂದೆ ಬಾಯ್ ತೆರೆಯೋಕಾಗದೆ ಪೇಚಾಡ್ತೀಯ."

ಕಳೆದ ಚಳಿಗಾಲ ಅವನ ಹೃದಯದ ಕವಾಟ ಕೆಟ್ಟಿದೆ, ಎದೆ ತೆರೆದು ಸರಿಮಾಡಬೇಕು ಎಂದು ವೈದ್ಯರು ಹೇಳಿದರು. ದಿನ ಗೊತ್ತಾಯಿತು. ಆ ವಾರವೆಲ್ಲ ಅವನು ನಗಿಸುತ್ತಲೇ ಇದ್ದ. ಸೋಮವಾರ ಬೆಳಗ್ಗೆ ಎಂದಿನಂತೆ ಅಕ್ಕನಿಗೂ ತನಗೂ ಬಿಸಿ ನೂಡಲ್ ತಂದ. ಲಾನ್‌ಶಿನ್ ತಿಂದು ಮುಗಿಸಿದರೂ ಅವನ ಬಟ್ಟಲು ಹಾಗೇ ಇತ್ತು. ನೂಡಲ್ ಸಾರನ್ನೆಲ್ಲ ಹೀರಿಕೊಂಡು ಊದಿಕೊಂಡಿತ್ತು.

"ಅಕ್ಕ, ನಿಜ ಹೇಳು," ಎಂದ. "ನಂದು ಅಲ್ಲೇ ಇದ್ಯಾ?"

ಐವತ್ತು ವರ್ಷಗಳಲ್ಲಿ ಅವನು ಅದನ್ನು ನಗದೆ ಕೇಳಿದ್ದು ಅದೇ ಮೊದಲು. ಅರವತ್ತೆರಡು ವರ್ಷದ ಗಂಡಸಿನ ಮುಖದಲ್ಲಿ ಎಂಟು ವರ್ಷದ ಹುಡುಗ ಕಾಣಿಸಿದ ಎಂದು ಅವಳು ಆ ಮಧ್ಯಾಹ್ನ ವೆನ್‌ಯಾಳ ಹತ್ತಿರ ಹೇಳಿಕೊಂಡಳು. ತಮಾಷೆ ಎಂದುಕೊಂಡು ತಾನು ಇಷ್ಟು ವರ್ಷ ಕೇಳಿಸಿಕೊಂಡದ್ದು ತಮಾಷೆಯೇ ಆಗಿರಲಿಲ್ಲ. ಆವತ್ತು ಅವಳು ಅವನ ಬಟ್ಟಲನ್ನು ಅವನ ಮುಂದಕ್ಕೆ ತಳ್ಳಿದಳು. ನೂಡಲ್ ತಣ್ಣಗಾಗುತ್ತೆ ತಿನ್ನು ಎಂದಳಷ್ಟೆ.

ಮಂಗಳವಾರ ಮಧ್ಯಾಹ್ನ ವೆನ್‌ಯಾ ಬಂದಾಗ ನೀಲಿ ಚೀಲ ಮೇಜಿನ ಮೇಲೆ ಬಾಯಿ ತೆರೆದುಕೊಂಡು ಬಿದ್ದಿತ್ತು. ಗೆನ್‌ಬಾವ್ ಆಸ್ಪತ್ರೆಗೆ ಒಯ್ಯುವ ಟವೆಲ್ಲು, ಫ್ಲಾಸ್ಕು ಕಟ್ಟಿಕೊಂಡು ಬಂದು ಬಾಗಿಲ ಬಳಿಯ ಮಣೆಯ ಮೇಲೆ ಕೂತಿದ್ದ.

"ಗೆನ್‌ಬಾವ್," ಎಂದಳು ಲಾನ್‌ಶಿನ್. "ಆವತ್ತು ಅಮ್ಮನ ಬಾಯಿಗ್ ಹೋಗಿದ್ದು ನಂದೇ ಕಣೋ."

"ಐವತ್ ವರ್ಷ ಆದ್ಮೇಲೆ ಹೇಳ್ತೀಯ."

"ಐವತ್ ವರ್ಷ ಆದ್ಮೇಲೆ ನೋಡ್ದೆ. ನಿನ್ನೆ ಭೂತಗನ್ನಡಿ ಇಟ್ಟು ಸರಿಯಾಗಿ ನೋಡ್ದೆ. ಆ ಗಾಬ್ರೀಲಿ ನಿಂದಕ್ಕೇ ಮೇಣ ತುಂಬ್ಬಿಟ್ಟಿದ್ದೆ. ಇಲ್ಲಿ ಉಳ್ದಿರೋದು ನಿಂದು. ತೂತು ನೆತ್ತಿಯಿಂದ ಗದ್ದಕ್ಕಿದೆ."

"ಚಿನ್ನ ತುಂಬ್ದಾಗ ಕಾಣ್ಲಿಲ್ವಾ?"

"ಮೇಣ ಕಾಣ್ತು. ನಂದು ಅಂದ್ಕೊಂಡೆ. ಅಂದ್ಕೊಂಡಿದ್ದನ್ನೇ ಕಣ್ಣು ನೋಡೋದು."

ಗೆನ್‌ಬಾವ್ ಮಣೆಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡ. ಆಮೇಲೆ ಕೇಳಿದ, "ಹಂಗಾದ್ರೆ ನೂಡಲ್ ಅಂಗ್ಡಿ ಮುಚ್ಚಿದ್ದು?"

"ಸಾರಿಗೆ ಉಪ್ಪು ಜಾಸ್ತಿ ಹಾಕ್ತಿದ್ದೆ ನೀನು."

"ದೋಣಿ?"

"ತಳ ತೇಪೆ ಹಾಕ್ಸು ಅಂತ ಓಣಿಯೋರೆಲ್ಲ ಬಡ್ಕೊಂಡ್ರು."

"ಹೆಂಡ್ತಿ?"

ಲಾನ್‌ಶಿನ್ ಸ್ವಲ್ಪ ಯೋಚಿಸಿ, "ಅದೂ ಉಪ್ಪೇ," ಎಂದಳು.

ವೆನ್‌ಯಾಗೆ ನಗು ತಡೆಯಲಾಗಲಿಲ್ಲ. ಗೆನ್‌ಬಾವ್ ಕೂಡ ನಕ್ಕ. ನಗು ಮುಗಿದ ಮೇಲೆ ಫ್ಲಾಸ್ಕಿನ ಮುಚ್ಚಳವನ್ನು ತಿರುಗಿಸುತ್ತ, ನಿನ್ನ ಬಾಯಿಗೆ ಮತ್ತೆ ಏನು ಎಂದು ಮೆಲ್ಲಗೆ ಕೇಳಿದ.

"ಒಲೆಗ್ ಹೋಗೋ ಬಾಯಿಗೆ ಚಿನ್ನ ಯಾಕೆ ಅಂತ ನೀನೇ ಹೇಳ್ದ್ಯಲ್ಲ," ಎಂದಳು ಅಕ್ಕ. "ಬೆಣೆ ತೆಗ್ದು ಹಳೇ ತೂತು ಬಿಡಿಸ್ಕೊಡ್ತೀನಿ. ಒಳಗ್ ಹೋಗಿ ಚಹಾಕ್ಕೆ ನೀರಿಡು. ನಿನ್ ಉಸಿರಿಗೆ ಮೇಜು ಅಲ್ಲಾಡುತ್ತೆ."

ಅವನು ಒಳಗೆ ಹೋದ. ಲಾನ್‌ಶಿನ್ ಜೀರುಂಡೆಯನ್ನು ಮೇಣದ ಅಚ್ಚಿನಲ್ಲಿ ಅಡ್ಡ ಮಲಗಿಸಲಿಲ್ಲ, ತಲೆ ಮೇಲಾಗಿ ನಿಲ್ಲಿಸಿದಳು. ದೀಪ ಹಿಡಿದುಕೊಂಡಿದ್ದ ವೆನ್‌ಯಾ ದನಿ ತಗ್ಗಿಸಿ, "ಲಾನ್‌ಶಿನ್, ಇದು ಅಡ್ಡ ತೂತಿಂದು. ನಾನೇ ನೋಡಿದೀನಿ," ಎಂದಳು.

"ಪುಸ್ತಕ ಓದೀ ಓದೀ ಕಣ್ ಕೆಡಿಸ್ಕೊಂಡಿದೀಯ," ಎಂದು ಲಾನ್‌ಶಿನ್ ಬೈರಿಗೆ ಎತ್ತಿಕೊಂಡಳು.

ಹಳೆಯ ಬೆಣೆಗೆ ತಾಗದಂತೆ ಒಂದು ಕೂದಲಿನಷ್ಟು ಹಿಂದಕ್ಕೆ ಸರಿದು ಕೊರೆಯಬೇಕು. ತಾಗಿದರೆ ಬೆಣೆ ಸಡಿಲವಾಗಿ ಉದುರುತ್ತದೆ, ಅದರ ಜೊತೆಗೆ ಅವಳು ಹೇಳಿದ ಮಾತೂ ಉದುರುತ್ತದೆ. ಕೈ ನಡುಗಲು ಶುರುವಾಗಿ ಎರಡು ವರ್ಷವಾಗಿತ್ತು. ಸಣ್ಣ ಕೆಲಸವನ್ನೆಲ್ಲ ಬಿಟ್ಟುಬಿಟ್ಟಿದ್ದಳು. ಮಣಿಕಟ್ಟನ್ನು ಮೇಜಿನ ಅಂಚಿಗೆ ಒತ್ತಿ ಹಿಡಿದು, ಬೈರಿಗೆಯನ್ನು ಅರ್ಧ ಸುತ್ತು ತಿರುಗಿಸಿ ನಿಲ್ಲಿಸುತ್ತ, ಉಸಿರು ಬಿಟ್ಟು ಮತ್ತೆ ಅರ್ಧ ಸುತ್ತು ತಿರುಗಿಸುತ್ತ ಕೊರೆದಳು. ಹಣೆಯ ಮೇಲೆ ಬೆವರು ಮೂಡಿತ್ತು. ಎಡತೋಳನ್ನು ಒಂದೆರಡು ಸಲ ಒದರಿಕೊಂಡಳು. ವೆನ್‌ಯಾ ಅದು ಚಳಿಗೆ ಎಂದುಕೊಂಡಳು.

ಮುಂದಿನದನ್ನು ಇಲ್ಲೇ ಹೇಳಿಬಿಡುವುದು ವಾಸಿ. ಲಾನ್‌ಶಿನ್‌ಳ ಬಾಯಿಗೆ ನಾಲ್ಕು ಅಕ್ಕಿಕಾಳು, ಒಂದು ಚಿಟಿಕೆ ಚಹಾ ಎಲೆ ಹಾಕಿ ಕಳಿಸಿದರು. ಬೂದಿಯ ಪೆಟ್ಟಿಗೆಯನ್ನು ದೊಂಗ್‌ಶಾನ್‌ನಲ್ಲಿ ಅಮ್ಮನ ಪಕ್ಕಕ್ಕೇ ಇಟ್ಟರು. ಅದಾದ ಮೇಲೆ ಗೆನ್‌ಬಾವ್ ಆಸ್ಪತ್ರೆ ಸೇರಿದ. ಲೋಹ ಮೈಮೇಲಿರಬಾರದು ಎಂದು ನರ್ಸಮ್ಮ ಜಗಳ ಮಾಡಿ ಜೀರುಂಡೆಯನ್ನು ಬಿಚ್ಚಿಸಿದಳು. ಅವನ ಗಲಾಟೆ ತಾಳಲಾರದೆ ಕೊನೆಗೆ ಮಂಚದ ಕಂಬಿಗೆ ಕಟ್ಟಿಕೊಟ್ಟಳು. ಅವನು ಗುಣವಾಗಿ ಬಂದ. ಲೊಕಾಟ್ ಹಣ್ಣಾಗುವ ಹೊತ್ತಿಗೆ ಒಂದು ದಿನ ಅಂಗಡಿಯ ಬೀಗ ತೆಗೆದು, ಬಿದಿರು ಕುರ್ಚಿಯಲ್ಲಿ ವೆನ್‌ಯಾಳನ್ನು ಕೂರಿಸಿ, ಅಕ್ಕನ ಭೂತಗನ್ನಡಿ ಎಲ್ಲಿದೆ ಎಂದು ಅವಳನ್ನು ಕೇಳಿ ತೆಗೆದುಕೊಂಡ.

ಕಿಟಕಿಯ ಬೆಳಕಿಗೆ ಹಿಡಿದು ಜೀರುಂಡೆಯ ಒಂದು ಕೆನ್ನೆ ನೋಡಿದ. ತಿರುಗಿಸಿ ಇನ್ನೊಂದು ಕೆನ್ನೆ ನೋಡಿದ. ಅವನೂ ಅಕ್ಕಸಾಲಿಗನ ಮಗನೇ.

"ಅಕ್ಕಂಗೆ ಸುಳ್ಳು ಹೇಳೋಕೂ ಬರ್ತಿರ್ಲಿಲ್ಲ," ಎಂದ.

ಅವನು ಭೂತಗನ್ನಡಿಯನ್ನು ಒರೆಸಿ ಮೇಜಿನ ಮೇಲಿಟ್ಟು, ಜೀರುಂಡೆಯನ್ನು ಅಂಗಿಯೊಳಗೆ ಬಿಟ್ಟುಕೊಂಡು ಗುಂಡಿ ಹಾಕಿದ. "ಒಂದೇ ಕಡ್ಡೀದಲ್ವಾ," ಎಂದ, ಯಾರನ್ನೂ ಕೇಳದವನ ಹಾಗೆ.

ಆದರೆ ಆ ಮಂಗಳವಾರ ಅವನು ಒಳಗೆ ಚಹಾ ಡಬ್ಬಿ ಹುಡುಕುತ್ತಿದ್ದ. ಬೈರಿಗೆಯ ಮೊನೆ ಗದ್ದದ ಕೆಳಗೆ ಹೊರಬಂದಿತ್ತು. ಬೆಣೆ ಅಲುಗಿರಲಿಲ್ಲ. ಲಾನ್‌ಶಿನ್ ಜೀರುಂಡೆಯನ್ನು ಮೇಣದಿಂದ ಬಿಡಿಸಿ, ಪುಡಿಯನ್ನು ತೊಗಲಿನ ಜೋಳಿಗೆಗೆ ಊದಿ, ಡ್ರಾಯರ್‌ನಿಂದ ಕೆಂಪು ದಾರ ತೆಗೆದಳು. ದಾರದ ತುದಿ ಬಿಚ್ಚಿಕೊಂಡಿತ್ತು. ಎರಡು ಸಲ ತೂತಿನ ಬಳಿ ಒಯ್ದರೂ ತಪ್ಪಿತು. ನಾನು ಪೋಣಿಸಲೇ ಎಂದು ವೆನ್‌ಯಾ ಕೈ ಚಾಚಿದ್ದಕ್ಕೆ ತಲೆಯಾಡಿಸಿ ಬೇಡವೆಂದಳು.

ಚಹಾ ಯಾವ ಡಬ್ಬೀಲಿದೆ ಎಂದು ಗೆನ್‌ಬಾವ್ ಒಳಗಿನಿಂದ ಕೂಗಿದ.

"ನೀಲಿ ಡಬ್ಬಿ," ಎಂದಳು ಅಕ್ಕ.

ಆಮೇಲೆ ದಾರದ ತುದಿಯನ್ನು ಬಾಯೊಳಗಿಟ್ಟು ನಾಲಿಗೆಯಲ್ಲಿ ಒದ್ದೆ ಮಾಡಿ, ತುಟಿಗಳ ನಡುವೆ ಎಳೆದು ಚೂಪು ಮಾಡಿಕೊಂಡು, ಜೀರುಂಡೆಯ ನೆತ್ತಿಯಿಂದ ಇಳಿಸಿದಳು. ಗದ್ದದ ಕೆಳಗೆ ಅದು ತಲೆ ಹಾಕಿದಾಗ ಎರಡು ಬೆರಳಲ್ಲಿ ಹಿಡಿದು, ಮೆಲ್ಲಗೆ ಪೂರ್ತಿ ಎಳೆದುಕೊಂಡಳು.